ಬೇರೆಯಾಗುವ ಜೀವಿಗಳು, ಬೆರೆಯುವ ಮನುಷ್ಯರು

ಮುಂಗಾರು ಹಿಡಿದ ಮೇಲೆ ಕೊಡಗಿನ ಕಾಫಿ ತೋಟಗಳಲ್ಲಿ ಕತ್ತಲಾಗುತ್ತಿದ್ದಂತೆ ಗಿಡಗಳ ಸಂದಿಯಿಂದ ಟಿಕ್ ಟಿಕ್ ಎಂಬ ಸಣ್ಣ ಸದ್ದು ಶುರುವಾಗುತ್ತದೆ. ಟಾರ್ಚ್ ಬಿಟ್ಟು ಹುಡುಕಿದರೆ ಮೊದಲಿಗೆ ಏನೂ ಕಾಣುವುದಿಲ್ಲ. ಸದ್ದು ಬಂದ ಕಡೆಯ ಎಲೆಗಳನ್ನು ಒಂದೊಂದಾಗಿ ನೋಡುತ್ತಾ ಹೋದರೆ, ಒಂದಂಗುಲದಷ್ಟಿರುವ ಹಳದಿ ಕಪ್ಪೆಯೊಂದು ಎಲೆಯ ಮೇಲೆ ಕುಳಿತು ಗಂಟಲಿನ ಚೀಲವನ್ನು ಗುಳ್ಳೆಯಂತೆ ಉಬ್ಬಿಸಿರುವುದು ಕಣ್ಣಿಗೆ ಬೀಳುತ್ತದೆ. ಬೆಳಕು ತಾಗಿದ ಕೂಡಲೇ ಚೀಲ ಇಳಿಯುತ್ತದೆ; ಪಾಪೆಯ ಸುತ್ತಲಿನ ನೀಲಿ ಅಂಚು ಆಗ ಸ್ಪಷ್ಟವಾಗಿ ಕಾಣುತ್ತದೆ. ಇದು ಪೊದೆಗಪ್ಪೆ. 2003ರಲ್ಲಿ ಮಡಿಕೇರಿಯ ಆಸುಪಾಸಿನಿಂದ ವಿಜ್ಞಾನಕ್ಕೆ ಪರಿಚಯವಾದ ಈ ಪ್ರಭೇದವನ್ನು ಈಗ ರಾವೋರ್ಕೆಸ್ಟಿಸ್ ಲುಟಿಯೋಲಸ್ ಎಂದು ಕರೆಯುತ್ತಾರೆ. ಕುಲದ ಹೆಸರಿನ ಮೊದಲಲ್ಲಿರುವ 'ರಾವ್' ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣ ರಾವ್ ಅವರು. ದಕ್ಷಿಣ ಭಾರತದ ಕಪ್ಪೆಗಳ ಅಧ್ಯಯನಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ಅವರ ನೆನಪಿಗೆ 2010ರಲ್ಲಿ ಈ ಹೆಸರನ್ನು ಇಡಲಾಯಿತು.

ಈ ಒಂದು ಕುಲದಲ್ಲಿಯೇ 60ಕ್ಕೂ ಹೆಚ್ಚು ಪ್ರಭೇದಗಳಿವೆ, ಅವುಗಳಲ್ಲಿ ಬಹುಪಾಲು ಪಶ್ಚಿಮ ಘಟ್ಟದಲ್ಲಿ ಬಿಟ್ಟರೆ ಬೇರೆಲ್ಲಿಯೂ ಇಲ್ಲ. ಬಿಳಿಗಿರಿರಂಗನ ಬೆಟ್ಟದ ಹೊನ್ನಮೇಟಿಯ ಹೆಸರನ್ನೇ ಹೊತ್ತ ಒಂದು ಪೊದೆಗಪ್ಪೆ ಇದೆ. ದಕ್ಷಿಣ ಭಾರತದ ಅತಿ ಎತ್ತರದ ಶಿಖರವಾದ ಆನಮುಡಿಯ ನೆತ್ತಿಯ ಹುಲ್ಲುಗಾವಲಿನಲ್ಲಿ ಕೆಂಪು ಕಿತ್ತಳೆ ಬಣ್ಣದ ಇನ್ನೊಂದಿದೆ. ಒಂದೊಂದು ಬೆಟ್ಟಕ್ಕೆ, ಕೆಲವೆಡೆ ಒಂದೊಂದು ಶಿಖರಕ್ಕೆ, ಒಂದೊಂದು ಕಪ್ಪೆ. ಇಷ್ಟು ಸಣ್ಣ ಪ್ರದೇಶದಲ್ಲಿ ಇಷ್ಟೊಂದು ಬಗೆಯ ಕಪ್ಪೆಗಳು ಹೇಗೆ ಹುಟ್ಟಿಕೊಂಡವು ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಹಿಡಿದಿಟ್ಟಿದೆ. ಇದೇ ಬೆಟ್ಟಗಳ ಸುತ್ತ ಒಂದೇ ಪ್ರಭೇದದ ಮನುಷ್ಯರು ಮಾತ್ರ ಹೆಚ್ಚುತ್ತಲೇ ಹೋದದ್ದು ಹೇಗೆ ಎಂಬ ಇನ್ನೊಂದು ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ. ಎರಡನ್ನೂ ಒಟ್ಟಿಗೆ ನೋಡದೆ ಮಲೆನಾಡಿನ ಈಗಿನ ಸ್ಥಿತಿ ಅರ್ಥವಾಗುವುದಿಲ್ಲ ಎಂಬುದು ನನ್ನ ನಂಬಿಕೆ.

ಮೊದಲು ಕಪ್ಪೆಯ ವಿಷಯ. ನಾವು ಶಾಲೆಯಲ್ಲಿ ಓದಿದ ಕಪ್ಪೆ ನೀರಿನಲ್ಲಿ ಮೊಟ್ಟೆಯಿಡುತ್ತದೆ, ಗೊದಮೊಟ್ಟೆಯಾಗಿ ಈಜುತ್ತದೆ, ಆಮೇಲೆ ಬಾಲ ಕಳೆದುಕೊಂಡು ದಡಕ್ಕೆ ಬರುತ್ತದೆ. ಪೊದೆಗಪ್ಪೆಗೆ ಈ ಗೊದಮೊಟ್ಟೆಯ ಅವಸ್ಥೆಯೇ ಇಲ್ಲ. ಅದು ಒದ್ದೆ ಎಲೆಯ ಮೇಲೋ ನೆಲದ ತರಗೆಲೆಯ ಕೆಳಗೋ ಮೊಟ್ಟೆಯಿಡುತ್ತದೆ. ಮೊಟ್ಟೆಯೊಳಗೇ ಬೆಳವಣಿಗೆ ಮುಗಿದು, ಅಕ್ಕಿಕಾಳಿನಷ್ಟು ಪುಟ್ಟ ಕಪ್ಪೆಯೇ ಹೊರಬರುತ್ತದೆ. ತಮಿಳುನಾಡಿನ ಕಳಕ್ಕಾಡ್ ಮುಂಡಂತುರೈ ಕಾಡಿನಲ್ಲಿ ಒಂದು ಪ್ರಭೇದದ ಗಂಡು ಸಣ್ಣ ಬಿದಿರಿನ ಗೆಣ್ಣುಗಳ ನಡುವಿನ ಟೊಳ್ಳಿಗೆ ಕಿರಿದಾದ ತೂತಿನಿಂದ ನುಸುಳಿಕೊಂಡು ಹೋಗಿ, ಅಲ್ಲಿಟ್ಟ ಮೊಟ್ಟೆಗಳನ್ನು ತಾನೇ ಕಾಯುತ್ತದೆ. ಕೆರೆ ಹೊಂಡಗಳ ಹಂಗಿಲ್ಲದ ಕಾರಣ ಇವು ನೀರು ನಿಲ್ಲದ ಕಡಿದಾದ ಬೆಟ್ಟವನ್ನೂ ಏರಿ ಬದುಕಬಲ್ಲವು. ಆದರೆ ಆ ಮೊಟ್ಟೆಗೂ ಆ ತೆಳು ಚರ್ಮಕ್ಕೂ ಸದಾ ತೇವ ಬೇಕು. ಹಾಗಾಗಿ ಬೆಟ್ಟದ ಮೇಲೆ ಸುಖವಾಗಿರುವ ಕಪ್ಪೆಗೆ ಎರಡು ಬೆಟ್ಟಗಳ ನಡುವಿನ ಒಣ ಬಯಲು ದಾಟಲಾಗದ ಸಮುದ್ರವಾಗುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಶಂಕರ್ ಮತ್ತು ಅವರ ಸಂಗಡಿಗರು ಘಟ್ಟದ ಉದ್ದಕ್ಕೂ ಈ ಕಪ್ಪೆಗಳನ್ನು ಹುಡುಕಿ, ಅವುಗಳ ಡಿಎನ್‌ಎ, ಮೈಕಟ್ಟು, ಕೂಗು ಹಾಗೂ ನೆಲೆಗಳನ್ನು ಹೋಲಿಸಿದ್ದಾರೆ. ಅವರ ಅಧ್ಯಯನಗಳಿಂದ ಮೂಡುವ ಚಿತ್ರ ಹೀಗಿದೆ. ತಪತಿ ನದಿಯಿಂದ ಕನ್ಯಾಕುಮಾರಿಯ ಸಮೀಪದವರೆಗೆ 1,600 ಕಿಲೋಮೀಟರ್ ಹಬ್ಬಿದ ಘಟ್ಟವು ನೋಡಲು ಒಂದೇ ಸಾಲಾದರೂ ಕಪ್ಪೆಯ ಪಾಲಿಗೆ ಬಿಡಿ ಬಿಡಿ ದ್ವೀಪಗಳ ಸಾಲು. ಭೂಮಿಯು ಮತ್ತೆ ಮತ್ತೆ ಹಿಮಯುಗಗಳನ್ನು ಕಂಡಾಗ ಇಲ್ಲಿ ಹಿಮ ಬೀಳದಿದ್ದರೂ ಮಳೆ ಕಡಿಮೆಯಾಗಿ, ದಟ್ಟ ಕಾಡು ಕುಗ್ಗಿ, ತೇವ ಉಳಿದ ಬೆಟ್ಟಗಳ ಮಡಿಲಿಗೆ ಸರಿಯಿತು. ಕಾಡಿನೊಂದಿಗೆ ಕಪ್ಪೆಗಳೂ ಅಲ್ಲಿಗೆ ಸರಿದು, ಒಂದು ಬೆಟ್ಟದವು ಇನ್ನೊಂದು ಬೆಟ್ಟದವನ್ನು ಸಾವಿರಾರು ವರ್ಷ ಸಂಧಿಸಲಿಲ್ಲ. ಮಳೆ ಮರಳಿ, ಕಾಡು ಹರಡಿ, ಮತ್ತೆ ಎದುರಾದಾಗ ಕೆಲವು ಒಂದಾದವು, ಕೆಲವಕ್ಕೆ ಒಂದಾಗಲು ಆಗಲೇ ಇಲ್ಲ. ಹೊಸ ಪ್ರಭೇದ ಹುಟ್ಟುವುದೆಂದರೆ ಬಹುತೇಕ ಸಂದರ್ಭಗಳಲ್ಲಿ ಇದೇ: ಒಂದು ಸಂತತಿ ಎರಡಾಗುವುದು, ಎರಡರ ನಡುವೆ ಕೂಡಿಕೆ ನಿಲ್ಲುವುದು, ನಿಂತದ್ದು ಬಹಳ ಕಾಲ ನಿಂತೇ ಇರುವುದು.

ಕೂಡಿಕೆ ನಿಂತ ಮೇಲೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪ್ರತಿ ತಲೆಮಾರಿನಲ್ಲಿಯೂ ವಂಶವಾಹಿಗಳನ್ನು ನಕಲು ಮಾಡುವಾಗ ಅಲ್ಲೊಂದು ಇಲ್ಲೊಂದು ಬದಲಾವಣೆ ನುಸುಳುತ್ತದೆ. ಎರಡೂ ಕಡೆಯವರು ಬೆರೆಯುತ್ತಿದ್ದರೆ ಒಂದು ಕಡೆ ಹುಟ್ಟಿದ ಬದಲಾವಣೆ ಇನ್ನೊಂದು ಕಡೆಗೂ ತಲುಪಿ ಇಬ್ಬರೂ ಒಂದೇ ಹದದಲ್ಲಿ ಇರುತ್ತಾರೆ. ಬೆರೆಯದಿದ್ದರೆ ಇಲ್ಲಿಯದು ಇಲ್ಲಿಯೇ, ಅಲ್ಲಿಯದು ಅಲ್ಲಿಯೇ ಸೇರುತ್ತಾ ಹೋಗುತ್ತದೆ. ಕೆಲವು ಬದಲಾವಣೆಗಳನ್ನು ಆಯಾ ಬೆಟ್ಟದ ಚಳಿ, ಮಳೆ, ಆಹಾರಗಳು ಆಯ್ದುಕೊಳ್ಳುತ್ತವೆ. ಇನ್ನು ಕೆಲವು ಬರೀ ಆಕಸ್ಮಿಕವಾಗಿ ಉಳಿದುಕೊಳ್ಳುತ್ತವೆ, ಗುಂಪು ಚಿಕ್ಕದಾದಷ್ಟೂ ಆಕಸ್ಮಿಕದ ಪಾತ್ರ ದೊಡ್ಡದು. ಇವುಗಳಲ್ಲಿ ಯಾವುದೋ ಒಂದು ಗಂಡಿನ ಕೂಗನ್ನು ತುಸು ಬದಲಿಸಿ, ಹೆಣ್ಣಿನ ಕಿವಿ ಆ ಬದಲಾದ ಕೂಗಿಗೇ ಒಗ್ಗಿಕೊಂಡಿತೆಂದರೆ, ಮುಂದೆ ಎರಡೂ ಕಡೆಯವರು ಒಂದೇ ಮರದ ಮೇಲೆ ಕುಳಿತರೂ ಪರಸ್ಪರರನ್ನು ಜೊತೆಗಾರರೆಂದು ಗುರುತಿಸುವುದಿಲ್ಲ. ಪೊದೆಗಪ್ಪೆಗಳಲ್ಲಿ ನೋಡಲು ಒಂದೇ ತೆರನಾಗಿದ್ದು, ಕೂಗಿನಲ್ಲಿ ಮತ್ತು ಡಿಎನ್‌ಎಯಲ್ಲಿ ಮಾತ್ರ ಬೇರೆಯಾದ ಪ್ರಭೇದಗಳಿವೆ. ಇವುಗಳನ್ನು ವಿಜ್ಞಾನಿಗಳು ಕಣ್ಣಿನಿಂದಲ್ಲ, ರಾತ್ರಿ ಮಳೆಯಲ್ಲಿ ರೆಕಾರ್ಡರ್ ಹಿಡಿದು ಕಿವಿಯಿಂದ ಪತ್ತೆ ಮಾಡಬೇಕಾಯಿತು.

ಇದಕ್ಕಿಂತ ಬೇಗನೆ ಮುಗಿಯುವ ದಾರಿಗಳೂ ಇವೆ. ಸಸ್ಯಗಳಲ್ಲಿ ಎರಡು ಪ್ರಭೇದಗಳು ಬೆರೆತು ವರ್ಣತಂತುಗಳು ಇಮ್ಮಡಿಯಾದರೆ ಕೆಲವೇ ತಲೆಮಾರುಗಳಲ್ಲಿ ಹೊಸ ಪ್ರಭೇದ ನಿಲ್ಲುತ್ತದೆ. ನಾವು ಚಪಾತಿಗೆ ಬಳಸುವ ಗೋಧಿ ಹೀಗೆ ಹುಟ್ಟಿದ್ದು, ಅದೂ ಬೇಸಾಯ ಆರಂಭವಾದ ಮೇಲೆ. ಗಾಲಪಗೋಸ್‌ನ ಡಾಫ್ನೆ ಮೇಜರ್ ಎಂಬ ಪುಟ್ಟ ದ್ವೀಪಕ್ಕೆ 1981ರಲ್ಲಿ ನೂರು ಕಿಲೋಮೀಟರಿಗೂ ದೂರದ ದ್ವೀಪದಿಂದ ಹಾರಿಬಂದ ಒಂದೇ ಒಂದು ಗಂಡು ಫಿಂಚ್ ಹಕ್ಕಿ ಅಲ್ಲಿನ ಬೇರೆ ಜಾತಿಯ ಹೆಣ್ಣಿನೊಂದಿಗೆ ಕೂಡಿತು. ಅದರ ಮಕ್ಕಳು ಮೊಮ್ಮಕ್ಕಳು ಅಪ್ಪನ ಹಾಡನ್ನೇ ಕಲಿತು, ದೊಡ್ಡ ಕೊಕ್ಕು ಪಡೆದು, ತಮ್ಮ ತಮ್ಮೊಳಗೇ ಕೂಡಲಾರಂಭಿಸಿದ್ದನ್ನು ಪೀಟರ್ ಮತ್ತು ರೋಸ್‌ಮೆರಿ ಗ್ರಾಂಟ್ ದಂಪತಿ ಕಣ್ಣಾರೆ ಕಂಡು ದಾಖಲಿಸಿದರು. ಆದರೆ ಇಂಥವು ವಿರಳ. ನಮ್ಮ ಘಟ್ಟದ ಜೀವಿಗಳಲ್ಲಿ ಕಾಣುವುದು ನಿಧಾನದ ದಾರಿಯೇ.

ಆ ನಿಧಾನ ಎಷ್ಟೆಂಬುದಕ್ಕೆ ಒಂದು ಹಕ್ಕಿಯ ಕಥೆ ಸಾಕು. ಶೋಲಾ ಕಾಡುಗಳೆಂದರೆ ಎತ್ತರದ ಬೆಟ್ಟಗಳ ಮೇಲೆ ಹುಲ್ಲುಗಾವಲಿನ ನಡುವೆ, ತೊರೆ ಹರಿಯುವ ಕೊರಕಲುಗಳಲ್ಲಿ ದಟ್ಟವಾಗಿ ಬೆಳೆದ ಕುಳ್ಳ ಮರಗಳ ಕಾಡು. ಇಲ್ಲಿ ನೆಲದ ಹತ್ತಿರವೇ ಓಡಾಡುವ, ಕಡುನೀಲಿ ಬಣ್ಣದ, ಸಿಳ್ಳೆ ಹಾಕಿದಂತೆ ಹಾಡುವ ಸಣ್ಣ ಹಕ್ಕಿಯೊಂದಿದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ವಿ. ವಿ. ರಾಬಿನ್, ಉಮಾ ರಾಮಕೃಷ್ಣನ್ ಮೊದಲಾದವರು ಈ ಹಕ್ಕಿಗಳ ರಕ್ತದ ಮಾದರಿಗಳನ್ನು ಬೆಟ್ಟ ಬೆಟ್ಟದಿಂದ ಸಂಗ್ರಹಿಸಿ ಹೋಲಿಸಿದಾಗ, ಅತಿ ದೊಡ್ಡ ಬಿರುಕು ಪಾಲಕ್ಕಾಡ್ ಕಣಿವೆಯ ಎರಡು ಬದಿಗಳ ನಡುವೆ ಕಂಡಿತು. ಘಟ್ಟದ ಸಾಲು ತುಂಡಾಗಿ ಸುಮಾರು 30–40 ಕಿಲೋಮೀಟರ್ ಅಗಲದ ತಗ್ಗು ಬಿದ್ದಿರುವ ಜಾಗ ಅದು. ಅದರಾಚೆ, ಇನ್ನೂ ದಕ್ಷಿಣದಲ್ಲಿ, ಶೆಂಕೋಟ್ಟೈ ಕಣಿವೆ ಇನ್ನೊಂದು ಗೆರೆ ಎಳೆದಿದೆ. ಪಾಲಕ್ಕಾಡ್ ಕಣಿವೆಯ ಉತ್ತರದ ನೀಲಗಿರಿಯದು ಒಂದು, ನಡುವಿನ ಆನೆಮಲೆ ಪಳನಿಯದು ಇನ್ನೊಂದು, ಶೆಂಕೋಟ್ಟೈ ಆಚೆಯ ಅಶಂಬು ಬೆಟ್ಟದ್ದು ಮತ್ತೊಂದು. 2017ರಲ್ಲಿ ಇವೆಲ್ಲಕ್ಕೂ ಸೇರಿ ಶೋಲಿಕೋಲ ಎಂಬ ಹೊಸ ಕುಲವನ್ನೇ ಸ್ಥಾಪಿಸಿ, ಅಶಂಬುವಿನ ಹಕ್ಕಿಯನ್ನು ಹೊಸ ಪ್ರಭೇದವೆಂದು ಹೆಸರಿಸಿದರು. ಪಾಲಕ್ಕಾಡಿನ ಎರಡು ಬದಿಗಳು ಬೇರೆಯಾಗಿ ಎಷ್ಟು ಕಾಲವಾಯಿತೆಂದು ಲೆಕ್ಕ ಹಾಕಿದರೆ ಅದು ದಶಲಕ್ಷ ವರ್ಷಗಳಲ್ಲಿ ಬರುತ್ತದೆ. ರೈಲಿನಲ್ಲಿ ಅರ್ಧ ಗಂಟೆಯೊಳಗೆ ದಾಟಿಬಿಡುವ ಅಂತರವನ್ನು ರೆಕ್ಕೆಯಿದ್ದ ಹಕ್ಕಿ ಅಷ್ಟು ಕಾಲ ದಾಟಲಿಲ್ಲ, ಏಕೆಂದರೆ ತಗ್ಗಿನ ಬಿಸಿಲು ಅದರ ಮನೆಯಲ್ಲ.

ಇನ್ನು ಮನುಷ್ಯರ ವಿಷಯಕ್ಕೆ ಬರುತ್ತೇನೆ. ಜೀವಿಗಳು ಬೇರೆಯಾಗುವ ಬಗೆಯನ್ನು ವಿವರಿಸಿದ ಚಿಂತನೆಯು ಮನುಷ್ಯರ ಸಂಖ್ಯೆಯ ಚಿಂತೆಯಿಂದಲೇ ಚಿಗುರಿತೆಂಬುದನ್ನು ನಾವು ಮರೆಯುತ್ತೇವೆ. ಥಾಮಸ್ ಮಾಲ್ತಸ್ 1798ರಲ್ಲಿ ಬರೆದ ಪ್ರಬಂಧದಲ್ಲಿ, ಜನ ಬೆಳೆಯುವ ವೇಗಕ್ಕೆ ಆಹಾರ ಬೆಳೆಯಲಾರದು, ಹಸಿವು ರೋಗಗಳೇ ಕೊನೆಗೆ ಲೆಕ್ಕ ಸರಿದೂಗಿಸುತ್ತವೆ ಎಂದು ವಾದಿಸಿದ್ದರು. 1838ರಲ್ಲಿ ಡಾರ್ವಿನ್ ಅದನ್ನು ಓದಿ, ಹುಟ್ಟಿದ್ದೆಲ್ಲ ಉಳಿಯುವುದಿಲ್ಲವೆಂದರೆ ಉಳಿಯುವವು ಯಾವುವು ಎಂಬ ಪ್ರಶ್ನೆಯನ್ನು ಇಡೀ ಜೀವಲೋಕಕ್ಕೆ ಹಾಕಿದರು. ಇಪ್ಪತ್ತು ವರ್ಷಗಳ ನಂತರ ಮಲಯ ದ್ವೀಪಗಳಲ್ಲಿ ಚಳಿಜ್ವರದಿಂದ ಮಲಗಿದ್ದ ಆಲ್ಫ್ರೆಡ್ ರಸೆಲ್ ವಾಲೇಸ್‌ಗೂ ಅದೇ ಮಾಲ್ತಸ್ ನೆನಪಾಗಿ ಅದೇ ಉತ್ತರ ಹೊಳೆಯಿತು. ಕಪ್ಪೆ ಹಕ್ಕಿಗಳ ವಿಷಯದಲ್ಲಿ ಮಾಲ್ತಸ್ ಲೆಕ್ಕ ಈಗಲೂ ಸರಿ. ಮನುಷ್ಯರ ವಿಷಯದಲ್ಲಿ ಮಾತ್ರ ಅದು ಎರಡು ಸಲ ತಪ್ಪಿತು: ಮೊದಲು ಸಾವು ಇಳಿದಾಗ, ಆಮೇಲೆ ಹುಟ್ಟು ಇಳಿದಾಗ.

ಮಾಲ್ತಸ್ ಹೇಳಿದ ಲೆಕ್ಕ ನಮ್ಮಲ್ಲಿಯೂ ಬಹಳ ಕಾಲ ನಡೆಯಿತು. 1876–78ರ ಬರದಲ್ಲಿ ಮೈಸೂರು ಸಂಸ್ಥಾನ ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಶತಮಾನದ ಕೊನೆಗೆ ಪ್ಲೇಗು ಬಂತು, 1918ರಲ್ಲಿ ಇನ್‌ಫ್ಲುಯೆಂಜಾ ಬಂತು. 1911 ಮತ್ತು 1921ರ ಗಣತಿಗಳ ನಡುವೆ ಇಡೀ ಭಾರತದ ಜನಸಂಖ್ಯೆಯೇ ತುಸು ಕಡಿಮೆಯಾಯಿತು, ಈಗಿನ ಕರ್ನಾಟಕದ ಗಡಿಯೊಳಗಿನ ಜನಸಂಖ್ಯೆ ಕೂಡ 1.35 ಕೋಟಿಯಿಂದ 1.34 ಕೋಟಿಗೆ ಇಳಿಯಿತು. ಮಲೆನಾಡಿನ ಕಥೆ ಇನ್ನೂ ಕಷ್ಟದ್ದು. ಮಲೇರಿಯಾ ಅಲ್ಲಿ ಮನೆ ಮನೆಯ ಕಾಯಿಲೆ. ಜ್ವರಗಡ್ಡೆ ಕಟ್ಟಿದ ಹೊಟ್ಟೆಯ ಮಕ್ಕಳು, ಜನ ಬಿಟ್ಟುಹೋದ ಮನೆಗಳು, ಬಯಲುಸೀಮೆಯಿಂದ ಹೆಣ್ಣು ಕೊಡಲು ಹಿಂಜರಿಯುವ ಬೀಗರು, ಇವನ್ನೆಲ್ಲ ನಮ್ಮ ಅಜ್ಜಿ ಹೇಳುತ್ತಿದ್ದರು. ಅವರು ಹೆತ್ತ ಮಕ್ಕಳಲ್ಲಿ ಮೂವರು ಕೂಸಾಗಿದ್ದಾಗಲೇ ಹೋದರು. ಆ ಹೆಸರುಗಳನ್ನು ಅವರು ಉಳಿದ ಮಕ್ಕಳ ಹೆಸರಿನ ಜೊತೆಗೇ, ಹುಟ್ಟಿದ ಕ್ರಮದಲ್ಲಿಯೇ, ಬಿಡದೆ ಹೇಳುತ್ತಿದ್ದರು.

1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ ಗೋಡೆ ಗೋಡೆಗೆ ಡಿಡಿಟಿ ಸಿಂಪಡಿಸಿದರು. ಸ್ವಾತಂತ್ರ್ಯದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಮಂದಿಗೆ ಬರುತ್ತಿದ್ದ ಮಲೇರಿಯಾ 1960ರ ದಶಕದ ನಡುವಿಗೆ ಒಂದು ಲಕ್ಷದ ಆಸುಪಾಸಿಗೆ ಇಳಿಯಿತು, ಮುಂದೆ ಅದು ಮತ್ತೆ ತಲೆಯೆತ್ತಿದರೂ ಹಳೆಯ ಮಟ್ಟಕ್ಕೆ ಮರಳಲಿಲ್ಲ. ಸಿಡುಬಿನ ಕೊನೆಯ ಪ್ರಕರಣ ಭಾರತದಲ್ಲಿ 1975ರಲ್ಲಿ ದಾಖಲಾಯಿತು. ಕಾಲುವೆ, ರೈಲು, ಪಡಿತರ, ಲಸಿಕೆ, ಶುದ್ಧ ನೀರು, ಹೆರಿಗೆ ಆಸ್ಪತ್ರೆ, ಇವೆಲ್ಲ ಒಂದರ ಹಿಂದೊಂದು ಬಂದವು. ಹುಟ್ಟಿದ ಸಾವಿರ ಶಿಶುಗಳಲ್ಲಿ ಒಂದು ವರ್ಷ ತುಂಬುವ ಮೊದಲೇ ಸಾಯುವವರ ಸಂಖ್ಯೆ 1971ರಲ್ಲಿ 129 ಇತ್ತು, 2020ರಲ್ಲಿ 28ಕ್ಕೆ ಇಳಿಯಿತು. ಜನಸಂಖ್ಯೆ ಏರಿದ್ದು ಇದರಿಂದ. ನಮ್ಮ ಹಿಂದಿನವರಿಗಿಂತ ನಾವು ಹೆಚ್ಚು ಹೆತ್ತದ್ದರಿಂದ ಅಲ್ಲ. ಹೆತ್ತ ಮಕ್ಕಳು ಸಾಯದೆ ಉಳಿದದ್ದರಿಂದ. 1951ರಲ್ಲಿ 1.94 ಕೋಟಿಯಿದ್ದ ಕರ್ನಾಟಕದ ಜನ 2011ರಲ್ಲಿ 6.11 ಕೋಟಿ ಆದರೆಂಬ ಅಂಕಿಯನ್ನು ಅಪಾಯದ ಗಂಟೆಯಾಗಿ ಮಾತ್ರ ಬಾರಿಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಆ ಅಂಕಿಯೊಳಗೆ ಬದುಕಿ ಉಳಿದ ಕೂಸುಗಳಿವೆ.

ಸಾವು ಇಳಿದಷ್ಟು ಬೇಗ ಹುಟ್ಟು ಇಳಿಯುವುದಿಲ್ಲ. ಮಕ್ಕಳು ಉಳಿಯುತ್ತಾರೆಂಬ ನಂಬಿಕೆ ಬರಲು ಒಂದು ತಲೆಮಾರು ಬೇಕು. ಹುಡುಗಿಯರು ಶಾಲೆಗೆ ಹೋಗಬೇಕು, ಮದುವೆಯ ವಯಸ್ಸು ಏರಬೇಕು, ಗರ್ಭನಿರೋಧಕ ಕೈಗೆ ಸಿಗಬೇಕು. ಮೈಸೂರು ಸರ್ಕಾರ 1930ರಲ್ಲಿಯೇ ತನ್ನ ಪ್ರಮುಖ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶ ಹೊರಡಿಸಿತ್ತು, ಒಂದು ಸರ್ಕಾರ ತಾನಾಗಿ ಇಂಥ ಕೆಲಸಕ್ಕೆ ಕೈಹಾಕಿದ್ದು ಜಗತ್ತಿನಲ್ಲಿಯೇ ಬಹಳ ಮೊದಲಿನದು. ಆದರೂ ಅದರ ಫಲ ಕಾಣಲು ಅರ್ಧ ಶತಮಾನಕ್ಕೂ ಹೆಚ್ಚು ಬೇಕಾಯಿತು. ಈಗ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು, ದೇಶಕ್ಕೆ 2.0, ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅಪ್ಪ ಅಮ್ಮಂದಿರ ಜಾಗವನ್ನು ತುಂಬಲು ಬೇಕಾದ 2.1ಕ್ಕಿಂತ ಇದು ಕಡಿಮೆ. ಬೇರೆ ಯಾವ ಪ್ರಾಣಿಯೂ ಹೀಗೆ ಮಾಡಿದ್ದನ್ನು ನಾನು ಕೇಳಿಲ್ಲ. ತಿನ್ನಲು ಹೆಚ್ಚು ಸಿಕ್ಕರೆ, ಶತ್ರು ಕಡಿಮೆಯಾದರೆ, ಅವು ಹೆಚ್ಚು ಮರಿ ಹಾಕುತ್ತವೆ. ಮನುಷ್ಯರು ಬದುಕು ಹಸನಾದಾಗ ಕಡಿಮೆ ಹೆರುತ್ತಾರೆ.

ಹಾಗಿದ್ದರೆ ಸಂಖ್ಯೆ ಇನ್ನೂ ಏಕೆ ಏರುತ್ತಿದೆ? ನಮ್ಮ ಮನೆಯದೇ ಉದಾಹರಣೆ ಕೊಡುತ್ತೇನೆ. ಅಜ್ಜಿಗೆ ಉಳಿದ ಮಕ್ಕಳು ಆರು. ಆ ಆರು ಮಂದಿ ತಲಾ ಇಬ್ಬರನ್ನು ಮಾತ್ರ ಹೆತ್ತರೂ ಮೊಮ್ಮಕ್ಕಳು ಹನ್ನೆರಡು. ಒಂದೇ ತಲೆಮಾರಿನಲ್ಲಿ ಹೆರಿಗೆ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆಯಾದರೂ ಮನೆಯ ಹಬ್ಬಕ್ಕೆ ಸೇರುವ ಎಲೆಗಳು ಹೆಚ್ಚಿದವು, ಏಕೆಂದರೆ ಆಗ ಹೆರುತ್ತಿದ್ದವರು ದೊಡ್ಡ ತಲೆಮಾರಿನವರು, ತೀರಿಕೊಳ್ಳುತ್ತಿದ್ದವರು ಅವರಿಗಿಂತ ಸಣ್ಣ ತಲೆಮಾರಿನ ವೃದ್ಧರು. ದೇಶದಲ್ಲಿ ಆಗುತ್ತಿರುವುದು ಇದೇ. ದೊಡ್ಡ ತಲೆಮಾರುಗಳು ವಯಸ್ಸಾಗಿ ಮುಗಿಯುವವರೆಗೆ ಏರಿಕೆ ನಿಲ್ಲುವುದಿಲ್ಲ. ಜಗತ್ತಿನ ಜನಸಂಖ್ಯೆಯ ಬೆಳವಣಿಗೆ 1960ರ ದಶಕದಲ್ಲಿ ವರ್ಷಕ್ಕೆ ಶೇಕಡ 2ನ್ನು ಮೀರಿತ್ತು, ಈಗ ಶೇಕಡ 1ಕ್ಕಿಂತ ಕೆಳಗಿದೆ. ಆದರೂ 2022ರ ನವೆಂಬರ್‌ನಲ್ಲಿ ನಾವು 800 ಕೋಟಿ ಆದೆವು.

ಇಷ್ಟು ಮಂದಿಯಾದ ಮೇಲೆ ಮನುಷ್ಯರಲ್ಲಿ ಹೊಸ ಪ್ರಭೇದ ಹುಟ್ಟಬಾರದೇಕೆ ಎಂದು ಕೇಳುವವರಿದ್ದಾರೆ. ಸಂಖ್ಯೆ ಹೆಚ್ಚಾದರೆ ಪ್ರಭೇದ ಒಡೆಯುವುದಿಲ್ಲ. ಕೂಡಿಕೆ ನಿಂತರೆ ಒಡೆಯುತ್ತದೆ, ಮನುಷ್ಯರಲ್ಲಿ ಕೂಡಿಕೆ ಅಷ್ಟು ಕಾಲ ನಿಂತದ್ದೇ ಇಲ್ಲ. ಸಮುದ್ರಮಟ್ಟ ಏರಿ ಟಾಸ್ಮೇನಿಯಾ ಆಸ್ಟ್ರೇಲಿಯಾದಿಂದ ಕಡಿದುಹೋದ ಮೇಲೆ ಅಲ್ಲಿನ ಜನ ಸುಮಾರು ಹತ್ತು ಸಾವಿರ ವರ್ಷ ಹೊರಗಿನವರನ್ನು ಕಾಣದೆ ಬದುಕಿದರು. ಯುರೋಪಿನವರು ಬಂದಿಳಿದಾಗ ಅವರಿಬ್ಬರ ನಡುವೆ ಮಕ್ಕಳಾಗಲು ಯಾವ ಅಡ್ಡಿಯೂ ಇರಲಿಲ್ಲ. ಅದಕ್ಕೂ ಎಷ್ಟೋ ಪಟ್ಟು ಹೆಚ್ಚು ಕಾಲ ಬೇರೆಯಾಗಿದ್ದ ನಿಯಾಂಡರ್ತಾಲರೊಂದಿಗೂ ನಮ್ಮ ಪೂರ್ವಜರು ಬೆರೆತದ್ದರಿಂದ, ಆಫ್ರಿಕದ ಹೊರಗಿನ ನಮ್ಮೆಲ್ಲರ ಡಿಎನ್‌ಎಯಲ್ಲಿ ಶೇಕಡ 2ರಷ್ಟು ಅವರದಿದೆ. ನಮ್ಮ ದೇಶದ ಜಾತಿಯ ಗೋಡೆಗಳನ್ನೂ ಇಲ್ಲಿ ನೆನೆಯಬೇಕು. ಸುಮಾರು 4,200ರಿಂದ 1,900 ವರ್ಷಗಳ ಹಿಂದಿನವರೆಗೆ ಭಾರತದ ಜನ ವ್ಯಾಪಕವಾಗಿ ಬೆರೆಯುತ್ತಿದ್ದರು, ಆಮೇಲೆ ಒಳಮದುವೆಗಳು ಬಿಗಿಯಾದವು ಎಂದು ಹೈದರಾಬಾದಿನ ಸಿಸಿಎಂಬಿ (ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರ) ಮತ್ತು ಹಾರ್ವರ್ಡ್ ವಿಜ್ಞಾನಿಗಳು 2013ರಲ್ಲಿ ತೋರಿಸಿದರು. ಅದು ಎಪ್ಪತ್ತರಷ್ಟು ತಲೆಮಾರುಗಳ ಗೋಡೆ. ಅದರಿಂದ ನಮಗೆ ಸಿಕ್ಕಿದ್ದು ಕೆಲವು ಸಮುದಾಯಗಳಲ್ಲಿ ಗಟ್ಟಿಯಾಗಿ ಉಳಿದುಕೊಂಡ ಆನುವಂಶಿಕ ಕಾಯಿಲೆಗಳು ಮತ್ತು ಎಣಿಸಲಾಗದಷ್ಟು ಅನ್ಯಾಯ. ಮನುಷ್ಯ ಮನುಷ್ಯನ ನಡುವೆ ಜೀವಶಾಸ್ತ್ರದ ಗೆರೆಯನ್ನು ಎಳೆಯಲು ಅದಕ್ಕೆ ಸಾಧ್ಯವಾಗಲಿಲ್ಲ. ಈಗಂತೂ ಕಣಿವೆಯಾಗಲಿ ಸಮುದ್ರವಾಗಲಿ ನಮ್ಮನ್ನು ಬೇರೆಯಾಗಿಡಲು ಉಳಿದಿಲ್ಲ.

ಆದರೆ ನಾವು ಕಣಿವೆಗಳನ್ನು ದಾಟುತ್ತಾ ಹಾಕಿದ ರಸ್ತೆ, ತೋಟ, ಜಲಾಶಯಗಳು ಇತರ ಜೀವಿಗಳಿಗೆ ಹೊಸ ಕಣಿವೆಗಳಾಗಿವೆ. ಇಲ್ಲಿ ಒಂದು ವಾದವನ್ನು ಕೇಳಿದ್ದೇನೆ: ಬೇರೆಯಾಗುವುದರಿಂದ ಪ್ರಭೇದ ಹುಟ್ಟುವುದಾದರೆ, ಕಾಡನ್ನು ತುಂಡು ಮಾಡಿದ್ದರಿಂದ ಹೊಸ ಕಪ್ಪೆ, ಹೊಸ ಹಕ್ಕಿ ಹುಟ್ಟಲಿ ಬಿಡಿ ಎಂಬುದು. ಈ ವಾದಕ್ಕೆ ಉತ್ತರವನ್ನು ಶೋಲಿಕೋಲವೇ ಕೊಡುತ್ತದೆ. ಪ್ರಾಚೀನ ಕಣಿವೆಗಳಿಂದ ಬೇರೆಯಾದ ಹಕ್ಕಿಗಳನ್ನೂ, ಇತ್ತೀಚಿನ ಕಾಡುನಾಶದಿಂದ ಬೇರೆಯಾದ ಹಕ್ಕಿಗಳನ್ನೂ ರಾಬಿನ್ ಮತ್ತು ಸಂಗಡಿಗರು ಹೋಲಿಸಿ ನೋಡಿದ್ದಾರೆ. ನಡುವಿನ ಕಾಡು ಟೀ ತೋಟವಾಗಿ, ನೆಡುತೋಪಾಗಿ ನೂರು ನೂರೈವತ್ತು ವರ್ಷವಷ್ಟೇ ಆಗಿರುವ ಕಡೆಯೂ ಹಕ್ಕಿಗಳ ಓಡಾಟ ಕುಗ್ಗಿರುವ ಗುರುತು ಡಿಎನ್‌ಎಯಲ್ಲಿ ಆಗಲೇ ಬಿದ್ದಿದೆ. ಹಾಡಿನಲ್ಲಿಯೂ ವ್ಯತ್ಯಾಸ ಬಂದಿದೆ, ಆದರೆ ಪ್ರಾಚೀನ ಬೇರ್ಪಡೆಯಲ್ಲಿ ಬದಲಾದ ಲಕ್ಷಣಗಳೇ ಬೇರೆ, ಈಗಿನ ಬೇರ್ಪಡೆಯಲ್ಲಿ ಬದಲಾಗುತ್ತಿರುವ ಲಕ್ಷಣಗಳೇ ಬೇರೆ. ಧಾರವಾಡದ ಕನ್ನಡ ಮತ್ತು ಮಂಗಳೂರಿನ ಕನ್ನಡ ಬೇರೆಯಾದದ್ದಕ್ಕೂ, ಊರಿನವರೆಲ್ಲ ಹೋಗಿ ಉಳಿದ ಒಬ್ಬಿಬ್ಬರು ಹಳೆಯ ಮಾತುಗಳನ್ನು ಮರೆಯುತ್ತಾ ಬರುವುದಕ್ಕೂ ಇರುವ ಅಂತರದಂತೆ ನನಗೆ ಇದು ಕಾಣುತ್ತದೆ.

ಪ್ರಕೃತಿ ಬೆಟ್ಟಗಳನ್ನು ಬೇರೆ ಮಾಡಿದಾಗ ಪ್ರತಿಯೊಂದರ ಮೇಲೂ ಸಾಕಷ್ಟು ದೊಡ್ಡ ಕಾಡನ್ನೂ, ಸಾವಿರಾರು ಜೀವಿಗಳ ಗುಂಪನ್ನೂ, ಕಾಯಲು ಕಾಲವನ್ನೂ ಉಳಿಸಿತ್ತು. ನಾವು ಬಿಟ್ಟಿರುವ ತುಂಡುಗಳಲ್ಲಿ ಗುಂಪು ಎಷ್ಟು ಚಿಕ್ಕದೆಂದರೆ, ಹತ್ತಿರದ ಸಂಬಂಧಿಗಳೇ ಕೂಡಿ ವೈವಿಧ್ಯ ಕರಗುತ್ತದೆ, ಹೊಸತು ಸೇರುವ ಮೊದಲೇ ಇದ್ದದ್ದು ಹೋಗುತ್ತದೆ. ಒಂದು ಭೂಕುಸಿತ, ಒಂದು ಬೇಸಿಗೆಯ ಬೆಂಕಿ, ಎರಡು ಮಳೆಗಾಲ ಕೈಕೊಟ್ಟರೆ ಆ ತುಂಡಿನ ಕಥೆ ಅಲ್ಲಿಗೆ ಮುಗಿಯಿತು. ಆನಮುಡಿಯ ನೆತ್ತಿಯ ಕಪ್ಪೆಗಂತೂ ಬಿಸಿ ಏರಿದರೆ ಸರಿದುಹೋಗಲು ಮೇಲೆ ಬೆಟ್ಟವೇ ಇಲ್ಲ.

ಹಾಗೆಂದು ಎಲ್ಲದಕ್ಕೂ ಜನಸಂಖ್ಯೆಯೇ ಕಾರಣವೆಂದು ಕೈ ತೊಳೆದುಕೊಳ್ಳುವುದು ಸುಲಭ, ಸರಿಯಲ್ಲ. 2001ರಿಂದ 2011ರವರೆಗಿನ ಗಣತಿಯನ್ನು ಜಿಲ್ಲಾವಾರು ನೋಡಿ. ಕಪ್ಪೆಗಳ ತವರಾದ ಕೊಡಗಿನಲ್ಲಿ ಹತ್ತು ವರ್ಷಕ್ಕೆ ಜನಸಂಖ್ಯೆ ಏರಿದ್ದು ಬರೀ ಶೇಕಡ 1ರಷ್ಟು. ಚಿಕ್ಕಮಗಳೂರಿನಲ್ಲಿ ಏರಲೇ ಇಲ್ಲ, 11.41 ಲಕ್ಷದಿಂದ 11.38 ಲಕ್ಷಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಬೆಂಗಳೂರು ನಗರ ಜಿಲ್ಲೆ ಶೇಕಡ 47ರಷ್ಟು ಬೆಳೆದು 65 ಲಕ್ಷದಿಂದ 96 ಲಕ್ಷವಾಯಿತು. ನಮ್ಮೂರಿನ ಕಡೆಯ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಈಗ ಬೆಂಚು ಇವೆ, ಮಕ್ಕಳಿಲ್ಲ. ಆ ಮಕ್ಕಳ ಅಪ್ಪ ಅಮ್ಮಂದಿರು ಬೆಂಗಳೂರಿನಲ್ಲಿದ್ದಾರೆ, ನಾನೂ ಅವರಲ್ಲಿ ಒಬ್ಬ. ಘಟ್ಟದಲ್ಲಿ ಮನುಷ್ಯರು ಕಡಿಮೆಯಾಗುತ್ತಿರುವಾಗಲೇ ಕಾಡಿನ ಮೇಲಿನ ಒತ್ತಡ ಹೆಚ್ಚುತ್ತಿರುವುದೆಂದರೆ, ಒತ್ತಡ ಅಲ್ಲಿ ಬದುಕುವವರಿಂದ ಬರುತ್ತಿಲ್ಲವೆಂದೇ ಅರ್ಥ. ತಲಕಾವೇರಿಯಲ್ಲಿ ಹುಟ್ಟುವ ನೀರನ್ನು ನೂರು ಕಿಲೋಮೀಟರ್ ದೂರದಿಂದ ಬೆಂಗಳೂರಿಗೆ ಪಂಪು ಮಾಡುತ್ತಾರೆ. ಎತ್ತಿನಹೊಳೆಯ ನೀರನ್ನು ಬಯಲಿಗೆ ತಿರುಗಿಸಲು ಸಕಲೇಶಪುರದ ಬೆಟ್ಟಗಳನ್ನು ಅಗೆದರು. ವಿದ್ಯುತ್ ತಂತಿ, ಅಗಲವಾಗುವ ಹೆದ್ದಾರಿ, ವಾರಾಂತ್ಯದ ರೆಸಾರ್ಟ್, ಎಲ್ಲವೂ ದೂರದ ಊರುಗಳ ಬೇಡಿಕೆ. ಹೆಚ್ಚು ಮಕ್ಕಳಿರುವ ಬಡ ಮನೆಯತ್ತ ಬೆರಳು ತೋರಿಸುವವರು, ಒಂದೇ ಮಗುವಿರುವ ಮನೆ ಬಳಸುವ ನೀರು, ಮರಳು, ಕರೆಂಟುಗಳ ಲೆಕ್ಕವನ್ನೂ ಪಕ್ಕದಲ್ಲಿ ಬರೆಯಬೇಕು.

ವಿಶ್ವಸಂಸ್ಥೆಯ ಅಂದಾಜಿನಂತೆ ಭಾರತದ ಜನಸಂಖ್ಯೆ 2060ರ ದಶಕದ ಆರಂಭದಲ್ಲಿ ಸುಮಾರು 170 ಕೋಟಿ ಮುಟ್ಟಿ ಆಮೇಲೆ ಇಳಿಯತೊಡಗುತ್ತದೆ. ಅಂದರೆ ಏರಿಕೆಗೆ ಒಂದು ಕೊನೆ ಇದೆ, ಅದು ನಮ್ಮ ಮಕ್ಕಳ ಕಾಲದಲ್ಲಿಯೇ ಬರುತ್ತದೆ. ಅಲ್ಲಿಯವರೆಗಿನ ಮೂರು ನಾಲ್ಕು ದಶಕಗಳನ್ನು ಘಟ್ಟದ ತುಂಡು ಕಾಡುಗಳು ದಾಟಬೇಕು, ಅದಕ್ಕೆ ಬೇಕಾದ ಕೆಲಸಗಳು ತೀರ ದೊಡ್ಡವಲ್ಲ. ಒಂದು ಶೋಲಾದಿಂದ ಇನ್ನೊಂದಕ್ಕೆ ತೊರೆಯ ಎರಡೂ ದಡದ ಮರಗಳು ಕಡಿಯದೆ ಉಳಿಯಬೇಕು, ಏಕೆಂದರೆ ಕಪ್ಪೆ ನಡೆಯುವ ದಾರಿ ಅದೇ. ಕಾಫಿ ತೋಟದ ನೆರಳಿಗೆ ಹಲಸು, ನಂದಿ, ಅತ್ತಿಗಳನ್ನು ತೆಗೆದು ಸಿಲ್ವರ್ ಓಕ್ ನೆಡುವುದು ಬೆಳೆಗಾರರ ಆಸೆಬುರುಕತನದಿಂದಲೇ ಆದದ್ದಲ್ಲ; ಸಿಲ್ವರ್ ಓಕ್ ಕಡಿದು ಮಾರುವುದು ಸುಲಭ, ತಾವೇ ಬೆಳೆಸಿದ ಕಾಡುಮರಕ್ಕೆ ಅನುಮತಿಯ ಅಲೆದಾಟ. ಆ ನಿಯಮವನ್ನು ಬದಲಿಸಿ, ನಾಡಿನ ಮರಗಳನ್ನು ಉಳಿಸಿಕೊಂಡ ತೋಟಕ್ಕೆ ಬೆಲೆ ಸಿಗುವಂತೆ ಮಾಡಬೇಕು. ಘಟ್ಟದ ನೀರು ಕುಡಿಯುವ ನಗರಗಳು ನೀರಿನ ಬಿಲ್ಲಿನಲ್ಲಿಯೇ ಅದರ ಪಾಲನ್ನು ಕೊಡಬಹುದು. ಬೆಂಗಳೂರಿನಲ್ಲಿ ನನ್ನ ಮನೆಯ ಬಿಲ್ಲಿಗೆ ಅಂಥ ಒಂದು ಸಾಲು ಸೇರಿದರೆ ನಾನು ಸಂತೋಷದಿಂದ ಕಟ್ಟುತ್ತೇನೆ.